ಈ ಪುಸ್ತಕದ ನೀತಿ ಏನು, ಸ್ವಾಮಿ?



ನನ್ನಂಥ ಧರ್ಮಕೇಂದ್ರದ ಗುರುಗಳು ವರ್ಷವಿಡೀ ಬರೆಯುವ ಬರಹಗಳಲ್ಲಿ ಹೆಚ್ಚಿನವು ಶಿಫಾರಸು ಪತ್ರಗಳು. ಶಾಲೆಯ ಸೀಟಿಗೊಂದು, ನರ್ಸಿಂಗ್ ಕಾಲೇಜಿಗೊಂದು, ಕೆಲಸಕ್ಕೊಂದು. ಈ ಪತ್ರವನ್ನು ತರುತ್ತಿರುವವರು ನನಗೆ ಚೆನ್ನಾಗಿ ಗೊತ್ತು ಎಂಬುದು ಎಲ್ಲದರ ಮೊದಲ ಸಾಲು. ಎಷ್ಟೋ ಸಲ ಅಷ್ಟು ಚೆನ್ನಾಗಿ ಗೊತ್ತಿರುವುದಿಲ್ಲ. ಆದರೂ ಮೊಹರು ಬೀಳುತ್ತದೆ. ಕಳೆದ ವರ್ಷ ನನ್ನ ಪಾಲಿಗೆ ಇನ್ನೊಂದು ಬಗೆಯ ಶಿಫಾರಸಿನ ಕೆಲಸ ಬಂತು. ಅದೇ ಹಗುರ ಮನಸ್ಸಿನಿಂದ ಅದನ್ನೂ ಮಾಡಿದೆ. ಆಮೇಲೆ ಏನಾಯಿತು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ದೇವಾಲಯಕ್ಕೆ ಹತ್ತಿರದಲ್ಲೇ ಇದೆ. ಒಂದೇ ಕೋಣೆ, ಮೂರು ಕಬ್ಬಿಣದ ಬೀರು, ಪತ್ರಿಕೆ ಹರಡುವುದಕ್ಕೆ ಒಂದು ಉದ್ದನೆಯ ಮೇಜು. ಹಿಂದೆ ಅಲ್ಲಿ ಬೆಳಿಗ್ಗೆ ಪತ್ರಿಕೆ ಓದುವ ಹಿರಿಯರನ್ನೂ ಪರೀಕ್ಷೆಗೆ ಕೂರುವ ಹುಡುಗರನ್ನೂ ಬಿಟ್ಟರೆ ಬೇರೆ ಯಾರೂ ಕಾಣುತ್ತಿರಲಿಲ್ಲ. 2020ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭಿಸಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಅನಂತರ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೆಸರೂ ಬಂತು. ಶಾಲೆಯ ಮಕ್ಕಳು ಬರತೊಡಗಿದರು. ಅವರ ಬೆರಳು ಹಿಡಿದುಕೊಂಡು ಇನ್ನೂ ಅಕ್ಷರ ಬಾರದ ತಮ್ಮ ತಂಗಿಯರೂ ಬಂದರು. ಈ ಪುಟಾಣಿಗಳಿಗೆ ಕೊಡಲು ಏನೂ ಇರಲಿಲ್ಲ. ಆಗ ಪಟ್ಟಣದ ಹಿತೈಷಿಗಳೊಬ್ಬರು ಒಂದು ಪೆಟ್ಟಿಗೆ ಹೊಸ ಚಿತ್ರಪುಸ್ತಕಗಳನ್ನು ಕಳುಹಿಸಿಕೊಟ್ಟರು. ಹೆಚ್ಚಿನವು ಕನ್ನಡದವು, ಕೆಲವು ಇಂಗ್ಲಿಷಿನವು.

ಗ್ರಂಥಾಲಯದ ಮೇಲ್ವಿಚಾರಕಿ ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, "ಫಾದರ್, ನೀವು ಓದಿದವರು. ಚಿಕ್ಕ ಮಕ್ಕಳಿಗೆ ಯಾವುದು ಒಳ್ಳೇದು ಅಂತ ಆರಿಸಿ ಕೊಡಿ. ಕೆಳಗಿನ ಅರೆಯಲ್ಲಿ ಜೋಡಿಸ್ತೀನಿ" ಎಂದರು.

ಅರ್ಧ ಗಂಟೆಯಲ್ಲಿ ಮುಗಿಸಿದೆ. ನನ್ನ ಬಳಿ ಮೂರು ಜರಡಿಗಳಿದ್ದವು. ಕತೆಯಲ್ಲಿ ನೀತಿ ಇರಬೇಕು. ಮಗು ಹೆದರಬಾರದು. ಮಗು ಅಳಬಾರದು. ಪುಸ್ತಕದ ಕೊನೆಯ ಪುಟವನ್ನು ಮೊದಲು ನೋಡಿ, ನೀತಿ ಸಿಕ್ಕಿದರೆ ಬಲಕ್ಕೆ, ಸಿಗದಿದ್ದರೆ ಎಡಕ್ಕೆ ಇಟ್ಟೆ. ಎಡಗಡೆಯ ರಾಶಿಯೇ ದೊಡ್ಡದಾಯಿತು. ಪ್ರಥಮ್ ಬುಕ್ಸ್‌ನವರ 'ದಿ ಮೂನ್ ಅಂಡ್ ದಿ ಕ್ಯಾಪ್' ಎಂಬ ಪುಸ್ತಕ ಅದರಲ್ಲಿತ್ತು. ಜಾತ್ರೆಯಲ್ಲಿ ಕೊಂಡ ಟೋಪಿಯನ್ನು ಗಾಳಿ ಹಾರಿಸಿಕೊಂಡು ಹೋಗಿ ಮರದ ಕೊಂಬೆಗೆ ಸಿಕ್ಕಿಸುತ್ತದೆ. ಮಗು ಅಳುತ್ತಾ ಮನೆಗೆ ಬರುತ್ತದೆ. ರಾತ್ರಿ ನೋಡಿದರೆ ಚಂದ್ರ ಆ ಟೋಪಿ ಹಾಕಿಕೊಂಡಿದ್ದಾನೆ. ಇದರಲ್ಲೇನಿದೆ ಎಂದುಕೊಂಡು ಎಡಕ್ಕೆ ಇಟ್ಟೆ. ಪ್ರಿಯಾ ಕುರಿಯನ್ ಅವರ 'ಅಮ್ಮಚ್ಚೀಸ್ ಗ್ಲಾಸಸ್' ಎಂಬ ಪುಸ್ತಕದಲ್ಲಿ ಮಾತೇ ಇಲ್ಲ, ಬರೀ ಚಿತ್ರ. ಕನ್ನಡಕ ಕಾಣದೆ ಅಜ್ಜಿಯೊಬ್ಬಳು ಮಾಡುವ ಫಜೀತಿ. ಓದಲು ಅಕ್ಷರವೇ ಇಲ್ಲದ ಮೇಲೆ ಅದೆಂಥ ಪುಸ್ತಕ ಎಂದು ಅದನ್ನೂ ಎಡಕ್ಕೆ ಇಟ್ಟೆ. ಇನ್ನೊಂದು, ಚತುರಾ ರಾವ್ ಬರೆದು ಕೃಷ್ಣ ಬಾಲ ಶೆಣೈ ಚಿತ್ರ ಬರೆದಿರುವ 'ಗಾನ್ ಗ್ರ್ಯಾಂಡ್‌ಮದರ್'. ನೀನಾ ಎಂಬ ಪುಟ್ಟ ಹುಡುಗಿಯ ಅಜ್ಜಿ ತೀರಿಕೊಂಡಿದ್ದಾಳೆ. ಅಜ್ಜಿ ಎಲ್ಲಿಗೆ ಹೋದಳು ಎಂದು ಹುಡುಗಿ ಕೇಳುತ್ತಾಳೆ. ಇದನ್ನು ಎಡಗಡೆಯ ರಾಶಿಗೂ ಸೇರಿಸದೆ, ಮೇಲಿನ ಅರೆಯಲ್ಲಿ ಇಡಿ, ಚಿಕ್ಕವರ ಕೈಗೆ ಬೇಡ ಎಂದೆ. ನಾನು ಬಲಗಡೆ ಇಟ್ಟ ಪುಸ್ತಕಗಳೆಲ್ಲ ಮೊದಲ ತಿಂಗಳು ಹೊಸದಾಗಿಯೇ ಉಳಿದವು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ನನ್ನೊಬ್ಬನ ತಪ್ಪು ಎಂದು ತಿಳಿಯಬೇಡಿ. ಆ ವಾರ ಗ್ರಂಥಾಲಯದ ಬಾಗಿಲಲ್ಲಿ ಸಿಕ್ಕಿದ ತಾಯಂದಿರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಸ್ವಾಮಿ, ಇದರಲ್ಲಿ ನೀತಿ ಏನಿದೆ?" ಪಂಚತಂತ್ರ, ಈಸೋಪನ ಕತೆಗಳನ್ನು ಕೇಳಿ ಬೆಳೆದವರು ನಾವು. ಶಾಲೆಯ ಪುಸ್ತಕದಲ್ಲಿ ಕತೆ ಮುಗಿದ ಮೇಲೆ ದಪ್ಪ ಅಕ್ಷರದಲ್ಲಿ ನೀತಿ ಎಂದು ಅಚ್ಚಾಗಿರುತ್ತಿತ್ತು. ಅದನ್ನು ಬಾಯಿಪಾಠ ಮಾಡಿದರೆ ಎರಡು ಅಂಕ. ಆದರೆ ನೆನಪಿಸಿಕೊಳ್ಳಿ, ನಿಮ್ಮಲ್ಲಿ ಉಳಿದಿರುವುದು ಯಾವುದು? ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ಹಾಡದ ಕನ್ನಡದ ಮಕ್ಕಳಿಲ್ಲ. ಜಂಬ ಪಟ್ಟ ಹುಡುಗನಿಗೆ ಆದ ಗತಿ ಅದರಲ್ಲಿದೆ, ನಿಜ. ಆದರೆ ನಾವು ಹಾಡಿದ್ದು ಜಂಬದ ಪಾಠಕ್ಕಾಗಿ ಅಲ್ಲ; ಬಣ್ಣದ ತುತ್ತೂರಿಗಾಗಿ, ಅದು ನೀರಿಗೆ ಬಿದ್ದಾಗ ಆಗುವ ಸಂಕಟಕ್ಕಾಗಿ.

ನೀತಿ ಬೇಡವೆಂದು ಹೇಳುತ್ತಿಲ್ಲ. ಧರ್ಮೋಪದೇಶ ಕಲಿಸುವವನು ಹಾಗೆ ಹೇಳಲಾದೀತೇ? ಕತೆಗೆ ನೀತಿಯನ್ನು ಯಾರು ಸೇರಿಸಬೇಕು ಎಂಬುದಷ್ಟೇ ನನ್ನ ಪ್ರಶ್ನೆ. ಪ್ರಭು ಯೇಸುವಿನ ಸಾಮತಿಗಳನ್ನು ನೋಡಿ. ದುಂದುಗಾರ ಮಗನ ಕತೆಯಲ್ಲಿ ಕಿರಿಯವನು ಮನೆಗೆ ಬಂದ, ಹಬ್ಬವಾಯಿತು. ಆದರೆ ಹಿರಿಯ ಮಗ? ಅವನು ಮುನಿಸಿಕೊಂಡು ಹೊಲದ ದಾರಿಯಲ್ಲೇ ನಿಂತಿದ್ದಾನೆ, ತಂದೆ ಹೊರಗೆ ಬಂದು ಬೇಡಿಕೊಳ್ಳುತ್ತಿದ್ದಾನೆ. ಅವನು ಒಳಗೆ ಹೋದನೋ ಇಲ್ಲವೋ ಎಂದು ಸಂತ ಲೂಕನು ಬರೆದಿಲ್ಲ. ಸಮಾರಿಯದವನ ಕತೆಯ ಕೊನೆಗೆ, ಹೋಗಿ ನೀನೂ ಹಾಗೆಯೇ ಮಾಡು ಎಂಬರ್ಥದ ಮಾತು ಬರುತ್ತದೆ, ಸರಿ. ಆದರೆ ಅದಕ್ಕೆ ಮುಂಚೆ ಪ್ರಭು ಪ್ರಶ್ನೆ ಕೇಳುತ್ತಾರೆ. ಮೂವರಲ್ಲಿ ನೆರೆಯವನು ಯಾರು ಎಂಬ ಉತ್ತರ ಕೇಳುಗನ ಬಾಯಿಂದಲೇ ಹೊರಡುತ್ತದೆ. ನಾವಾದರೋ ಮಗು ಬಾಯಿ ತೆರೆಯುವ ಮೊದಲೇ ಉತ್ತರ ತುರುಕುತ್ತೇವೆ. ಕತೆ ಹೇಳಿ ಮುಗಿಸಿದ ಮರುಕ್ಷಣವೇ, "ಇದರಿಂದ ಏನು ಕಲಿತೆ?" ಎನ್ನುತ್ತೇವೆ. ಊಟ ಬಡಿಸಿ, ಮೊದಲ ತುತ್ತು ಗಂಟಲಿಳಿಯುವ ಮುನ್ನವೇ ಎಷ್ಟು ರಕ್ತ ಹೆಚ್ಚಿತು ಎಂದು ಕೇಳಿದ ಹಾಗೆ.

ಇನ್ನು ಚಿತ್ರದ ಮಾತು. ಅಕ್ಷರವಿಲ್ಲದ ಪುಸ್ತಕವನ್ನು ಕಡೆಗಣಿಸಿದ ನಾನು ಸೆಮಿನರಿಯಲ್ಲಿ ಓದಿದ್ದನ್ನೇ ಮರೆತಿದ್ದೆ. ಕ್ರಿ.ಶ. 600ರ ಸುಮಾರಿಗೆ ಮಾರ್ಸೆಯ ಧರ್ಮಾಧ್ಯಕ್ಷ ಸೆರೆನುಸ್ ತನ್ನ ದೇವಾಲಯಗಳಲ್ಲಿದ್ದ ಚಿತ್ರಗಳನ್ನು ಒಡೆದು ಹಾಕಿಸಿದ. ಜನ ಅವನ್ನು ಆರಾಧಿಸುತ್ತಾರೆಂಬ ಭಯ ಅವನಿಗೆ. ಜಗದ್ಗುರು ಸಂತ ಗ್ರೆಗರಿಯವರು ಅವನಿಗೆ ಪತ್ರ ಬರೆದು, ಆರಾಧನೆಯನ್ನು ತಡೆದದ್ದು ಸರಿ, ಒಡೆದದ್ದು ತಪ್ಪು ಎಂದರು. ಓದು ಬಲ್ಲವರಿಗೆ ಬರಹ ಏನು ಮಾಡುತ್ತದೋ ಅದನ್ನೇ ಓದು ಬಾರದವರಿಗೆ ಚಿತ್ರ ಮಾಡುತ್ತದೆ ಎಂಬುದು ಅವರ ವಾದ. ಹಾಗಾದರೆ ಮೂರು ವರ್ಷದ ಮಗು ಯಾರು? ಓದು ಬಾರದ, ಆದರೆ ನೋಡಬಲ್ಲ ಭಕ್ತ. ನಮ್ಮ ದೇವಾಲಯದಲ್ಲಿ ಶಿಲುಬೆಹಾದಿಯ ಹದಿನಾಲ್ಕು ಚಿತ್ರಗಳ ಮುಂದೆ ತಾಯಿಯ ಕಂಕುಳಲ್ಲಿರುವ ಕೂಸು ಬೆರಳು ತೋರಿಸಿ ಕೇಳುವ ಪ್ರಶ್ನೆಗಳನ್ನು ನೀವೂ ಕೇಳಿದ್ದೀರಿ. ನನ್ನ ಪ್ರಾರ್ಥನೆಯ ಪುಸ್ತಕದಲ್ಲಿ ಆ ಪ್ರಶ್ನೆಗಳಿಲ್ಲ.

ಒಳ್ಳೆಯ ಚಿತ್ರಪುಸ್ತಕದಲ್ಲಿ ಚಿತ್ರ ಮಾತನ್ನು ಅಲಂಕರಿಸುವುದಿಲ್ಲ. ಮಾತು ಬಿಟ್ಟದ್ದನ್ನು ಚಿತ್ರ ಹೇಳುತ್ತದೆ. ಪ್ಯಾಟ್ ಹಚಿನ್ಸ್ ಎಂಬ ಇಂಗ್ಲೆಂಡಿನ ಲೇಖಕಿ 1968ರಲ್ಲಿ ಪ್ರಕಟಿಸಿದ 'ರೋಸೀಸ್ ವಾಕ್' ಎಂಬ ಪುಸ್ತಕವಿದೆ. ಇಡೀ ಪುಸ್ತಕದಲ್ಲಿ 32 ಪದಗಳು. ಕೋಳಿಯೊಂದು ಅಂಗಳದಲ್ಲಿ ತಿರುಗಾಡಿ ಊಟದ ಹೊತ್ತಿಗೆ ಮರಳಿ ಬಂತು ಎಂಬುದಷ್ಟೇ ಬರಹ. ಆದರೆ ಪುಟಪುಟದಲ್ಲೂ ಕೋಳಿಯ ಹಿಂದೆ ಒಂದು ನರಿ ಹೊಂಚು ಹಾಕುತ್ತಾ ಬಂದು ಪ್ರತಿಸಲವೂ ಪೆಟ್ಟು ತಿನ್ನುತ್ತದೆ. ನರಿ ಎಂಬ ಪದ ಬರಹದಲ್ಲಿ ಎಲ್ಲೂ ಇಲ್ಲ. ಗಟ್ಟಿಯಾಗಿ ಓದುವ ಅಪ್ಪನಿಗೆ ಕಾಣುವುದು ಅಕ್ಷರ. ತೊಡೆಯ ಮೇಲಿನ ಮಗುವಿಗೆ ಕಾಣುವುದು ನರಿ. "ಅಪ್ಪಾ, ಹಿಂದೆ ನೋಡು!" ಎಂದು ಕೂಗುವ ಆ ಗಳಿಗೆಯಲ್ಲಿ ಓದು ಬಾರದವನು ಅಪ್ಪನೇ. ಮಗು ಜೀವನದಲ್ಲಿ ಮೊದಲ ಸಲ ದೊಡ್ಡವರಿಗಿಂತ ಹೆಚ್ಚು ತಿಳಿದುಕೊಂಡಿದೆ, ಮತ್ತು ಅದನ್ನು ಪ್ರೀತಿಯಿಂದ ಹಂಚಿಕೊಳ್ಳುತ್ತಿದೆ. ಇದರ ನೀತಿ ಏನೆಂದು ಕೇಳಿದರೆ ನಾನೇನು ಹೇಳಲಿ?

ಪುಸ್ತಕ ಆರಿಸುವ ವಿಷಯದಲ್ಲಿ ನನಗಿಂತ ಬಹಳ ದೊಡ್ಡವರೂ ಎಡವಿದ್ದಾರೆ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ನ್ಯೂಯಾರ್ಕ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಆ್ಯನ್ ಕ್ಯಾರಲ್ ಮೂರ್ ಎಂಬ ಮಹಿಳೆ ಮಕ್ಕಳ ವಿಭಾಗವನ್ನು ಕಟ್ಟಿದವರು. ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆದ ಪುಣ್ಯಾತ್ಮರಲ್ಲಿ ಒಬ್ಬರು. 1947ರಲ್ಲಿ ಮಾರ್ಗರೆಟ್ ವೈಸ್ ಬ್ರೌನ್ ಅವರ 'ಗುಡ್‌ನೈಟ್ ಮೂನ್' ಬಂದಾಗ ಅವರು ನಿವೃತ್ತರಾಗಿದ್ದರೂ ಅವರ ಮಾತಿಗೆ ಅಲ್ಲಿ ಬೆಲೆಯಿತ್ತು, ಮತ್ತು ಅವರಿಗೆ ಆ ಪುಸ್ತಕ ಹಿಡಿಸಲಿಲ್ಲ. ಮಲಗುವ ಮುನ್ನ ಮರಿಮೊಲವೊಂದು ಕೋಣೆಯ ಒಂದೊಂದು ವಸ್ತುವಿಗೂ ವಿದಾಯ ಹೇಳುವ ಆ ಪುಸ್ತಕ 1972ರವರೆಗೆ, ಅಂದರೆ 25 ವರ್ಷ, ಆ ಗ್ರಂಥಾಲಯದ ಕಪಾಟು ಸೇರಲಿಲ್ಲ. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ದೊಡ್ಡವರಾಗಿಬಿಟ್ಟಿದ್ದರು. ಇನ್ನೊಬ್ಬರು ಮನಶ್ಶಾಸ್ತ್ರದ ಹೆಸರಾಂತ ವಿದ್ವಾಂಸ ಬ್ರೂನೋ ಬೆಟಲ್‌ಹೈಮ್. ಮಾರಿಸ್ ಸೆಂಡಾಕ್ ಅವರ 1963ರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಎಂಬ ಪುಸ್ತಕದಲ್ಲಿ ತುಂಟ ಹುಡುಗನನ್ನು ಊಟವಿಲ್ಲದೆ ಮಲಗಲು ಕಳುಹಿಸುತ್ತಾರೆ, ಅವನು ರಾಕ್ಷಸರ ದೇಶಕ್ಕೆ ಹೋಗಿ ರಾಜನಾಗಿ ಮನೆಗೆ ಮರಳುತ್ತಾನೆ. 1969ರಲ್ಲಿ ಮಹಿಳೆಯರ ಪತ್ರಿಕೆಯೊಂದರಲ್ಲಿ ಬೆಟಲ್‌ಹೈಮ್ ಇದು ಮಗುವಿನಲ್ಲಿ ಅನಾಥಭಯ ಹುಟ್ಟಿಸುತ್ತದೆ ಎಂದು ಟೀಕಿಸಿದರು. ಆದರೆ ಅವರು ಪುಸ್ತಕವನ್ನು ಓದಿರಲಿಲ್ಲ. ತಾಯಂದಿರು ಹೇಳಿದ್ದನ್ನು ಕೇಳಿ ತೀರ್ಪು ಕೊಟ್ಟಿದ್ದರು. ಆ ಕತೆಯ ಕೊನೆಗೆ ಹುಡುಗನ ಕೋಣೆಯಲ್ಲಿ ಬಿಸಿ ಊಟ ಕಾದಿರುತ್ತದೆ. ಕೊನೆಯ ಪುಟವನ್ನು ಮಾತ್ರ ನೋಡಿದ ನನಗೂ ಪುಸ್ತಕವನ್ನೇ ನೋಡದ ಅವರಿಗೂ ಏನು ವ್ಯತ್ಯಾಸ?

ಇಷ್ಟೆಲ್ಲ ನಾನು ಓದಿ ತಿಳಿದದ್ದು ತರುವಾಯ. ಅದಕ್ಕೆ ಕಾರಣನಾದವನು ಐದು ವರ್ಷದ ಒಬ್ಬ ಹುಡುಗ.

ಮಳೆಗಾಲದಲ್ಲಿ ಅವನ ಅಜ್ಜಿ ತೀರಿಕೊಂಡರು. ಅಂತ್ಯಕ್ರಿಯೆ ನಡೆಸಿದವನು ನಾನೇ. ಅಂದು ಹುಡುಗನನ್ನು ಪಕ್ಕದ ಹಳ್ಳಿಯ ನೆಂಟರ ಮನೆಯಲ್ಲಿ ಬಿಟ್ಟಿದ್ದರು. ಮರಳಿ ಬಂದಾಗ ಅಜ್ಜಿ ಮೈಸೂರಿನ ಅತ್ತೆಯ ಮನೆಗೆ ಹೋಗಿದ್ದಾರೆ ಎಂದು ಹೇಳಿದರು. ಅವನು ನಂಬಿದ. ಸಾಯಂಕಾಲದ ಬಸ್ಸಿನ ಹೊತ್ತಿಗೆ ನಿಲ್ದಾಣದ ಕಟ್ಟೆಯ ಮೇಲೆ ಹೋಗಿ ಕೂರತೊಡಗಿದ. ಒಂದು ದಿನ ಅಲ್ಲೇ ನನ್ನನ್ನು ನಿಲ್ಲಿಸಿ, "ಫಾದರ್, ಅಜ್ಜಿ ಯಾವಾಗ ಬರ್ತಾಳೆ?" ಎಂದು ಕೇಳಿದ. ನಾನು ಅವನ ತಲೆ ಸವರಿ, "ಬರ್ತಾರೆ ಮರಿ, ನೀನು ಜಾಣನಾಗಿರು" ಎಂದು ಹೊರಟುಬಿಟ್ಟೆ. ಸಂತ ಅಗುಸ್ತೀನರು ಸುಳ್ಳಿನ ಬಗ್ಗೆ ಎರಡು ಗ್ರಂಥಗಳನ್ನೇ ಬರೆದಿದ್ದಾರೆ. ಸುಳ್ಳುಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಕೆಲವು ಹೆಚ್ಚು ಕೆಟ್ಟವು, ಕೆಲವು ಕಡಿಮೆ ಕೆಟ್ಟವು, ಆದರೆ ಒಂದೂ ಸಲ್ಲದು ಎಂದಿದ್ದಾರೆ. ಸೆಮಿನರಿಯ ಪರೀಕ್ಷೆಯಲ್ಲಿ ಆ ಎಂಟನ್ನೂ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು ನಾನು.

ಕೆಲವು ದಿನಗಳಾದ ಮೇಲೆ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ ಸ್ಟೂಲಿನ ಮೇಲೆ ನಿಂತು ಮೇಲಿನ ಅರೆಯ ಧೂಳು ಒರೆಸುತ್ತಿದ್ದಾಗ ಪುಸ್ತಕಗಳನ್ನು ಇಳಿಸಿ ಮೇಜಿನ ಮೇಲಿಟ್ಟರು. ಹುಡುಗ ಅದರಲ್ಲಿ ಅಜ್ಜಿಯ ಪುಸ್ತಕವನ್ನೇ ಎತ್ತಿಕೊಂಡ. "ಅಕ್ಕಾ, ಇದನ್ನ ಓದು" ಎಂದ. ಅವನ ಮನೆಯ ವಿಷಯ ಅಷ್ಟಾಗಿ ತಿಳಿಯದ ಆಕೆ ಇಂಗ್ಲಿಷಿನದನ್ನು ತಮ್ಮ ಕನ್ನಡದಲ್ಲಿ ಹೇಳುತ್ತಾ ಹೋದರು. ಮುಗಿದ ಮೇಲೆ ಅವನು ಕೇಳಿದನಂತೆ: "ನಮ್ಮಜ್ಜೀನೂ ಹೀಗೇನಾ ಹೋಗಿರೋದು?" ಆಕೆ ಏನು ಹೇಳಬೇಕೆಂದು ತಿಳಿಯದೆ, "ಮನೇಲಿ ಅಮ್ಮನ್ನ ಕೇಳು ಕಂದಾ" ಎಂದರು.

ಮರುದಿನ ಬೆಳಗಿನ ಪೂಜೆ ಮುಗಿಯುವಷ್ಟರಲ್ಲಿ ತಾಯಿ ನನ್ನ ಮನೆಯ ಬಾಗಿಲಲ್ಲಿದ್ದರು. "ಸ್ವಾಮಿ, ಲೈಬ್ರರಿ ಪುಸ್ತಕ ಆರಿಸಿದ್ದು ನೀವಂತೆ. ಮಕ್ಕಳಿಗೆ ಸಾವಿನ ಪುಸ್ತಕ ಕೊಡ್ತಾರಾ?" ನಾನು ಅದನ್ನು ಮೇಲೆ ಇಡಲು ಹೇಳಿದ್ದೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ, ಹೇಳಿದ್ದರೆ ಮೇಲ್ವಿಚಾರಕಿಯ ತಲೆಗೆ ಕಟ್ಟಿದಂತಾಗುತ್ತಿತ್ತು. ಕೂರಿಸಿ, "ಮಗು ತುಂಬಾ ಅತ್ತನೇನಮ್ಮಾ?" ಎಂದು ಕೇಳಿದೆ.

"ಇಲ್ಲ ಸ್ವಾಮಿ. ಅಜ್ಜಿ ಸತ್ತುಹೋದ್ರಾ ಅಂತ ಕೇಳಿದ. ಹೌದು ಅಂದೆ. ಅತ್ತಿದ್ದು ನಾನು. ಅವನು ಸುಮ್ಮನಿದ್ದು, ಆಮೇಲೆ, ಮತ್ತೆ ಮೈಸೂರು ಅಂತ ಯಾಕೆ ಹೇಳ್ದೆ ಅಂದ. ಅದಕ್ಕೆ ಏನು ಹೇಳಲಿ?"

ನನ್ನ ಬಳಿಯೂ ಉತ್ತರವಿರಲಿಲ್ಲ. ಅವನ ಪ್ರಶ್ನೆ ಅವಳೊಬ್ಬಳಿಗೆ ಕೇಳಿದ್ದಲ್ಲ ಎಂದಷ್ಟೇ ಹೇಳಿದೆ. ಬಸ್ ನಿಲ್ದಾಣದಲ್ಲಿ ನಡೆದದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಆಕೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಇದೆ: "ಪುಸ್ತಕದ ಮೇಲೆ ನನಗೆ ಸಿಟ್ಟಿಲ್ಲ ಸ್ವಾಮಿ. ಅದು ನನಗಿಂತ ಮೊದಲು ಹೇಳಿಬಿಡ್ತಲ್ಲ, ಅದಕ್ಕೆ ಸಂಕಟ."

ಈ ಮಾತಿನಲ್ಲಿ ದೊಡ್ಡ ಸತ್ಯವಿದೆ, ಓದುಗರೇ. ಈ ತಾಯಿಯನ್ನು ಹಿಂದುಳಿದವಳೆಂದು ತಳ್ಳಿಹಾಕಿ, ಮಕ್ಕಳಿಗೆ ಎಲ್ಲವನ್ನೂ ಓದಲು ಕೊಡಿ ಎಂದು ಬರೆದುಬಿಡುವುದು ಸುಲಭ. ಹಾಗಲ್ಲ. ಅಜ್ಜಿಯ ಸಾವನ್ನು ಮೊದಲು ಹೇಳುವ ಹಕ್ಕು ತಾಯಿಯದು. ಅಪರಿಚಿತ ಪುಸ್ತಕದ್ದಲ್ಲ, ಗ್ರಂಥಾಲಯದ್ದಲ್ಲ, ನನ್ನದೂ ಅಲ್ಲ. ಆದರೆ ಹಕ್ಕಿನ ಜೊತೆಗೆ ಬರುವ ಭಾರವನ್ನು ಆಕೆ ಒಬ್ಬಳೇ ಹೊರಲಾರದೆ ಹೋದಳು, ಮತ್ತು ಹೊರಲು ನೆರವಾಗಬಹುದಾಗಿದ್ದ ಪುಸ್ತಕವನ್ನು ನಾನು ಆಕೆಗೆ ತೋರಿಸುವ ಬದಲು ಬೀರುವಿನ ತುದಿಗೆ ಏರಿಸಿದ್ದೆ. ಸಮಾಧಿಯ ಬಳಿ ಕೈಕುಲುಕಿ ಬೀಳ್ಕೊಟ್ಟೆನೇ ಹೊರತು, ಚಿಕ್ಕವನಿಗೆ ಏನು ಹೇಳುತ್ತೀರಿ ಎಂದು ಕೇಳಲಿಲ್ಲ. ಕೇಳಿದ್ದರೆ, ಇದೋ ಇದನ್ನು ಮೊದಲು ನೀವು ಓದಿ, ಆಮೇಲೆ ಇಬ್ಬರೂ ಒಟ್ಟಿಗೆ ಕೂತು ನೋಡಿ ಎನ್ನಬಹುದಿತ್ತು. ಆ ಪುಸ್ತಕದಲ್ಲಿ ನಮ್ಮ ಪುನರುತ್ಥಾನದ ವಿಶ್ವಾಸ ಇಲ್ಲವಲ್ಲ ಎಂಬ ಆಕ್ಷೇಪವೂ ನನ್ನಲ್ಲಿತ್ತು, ಒಪ್ಪಿಕೊಳ್ಳುತ್ತೇನೆ. ಪುಸ್ತಕ ಮಾಡುವುದು ಪ್ರಶ್ನೆ ಕೇಳುವ ಕೆಲಸ. ಉತ್ತರ ಕೊಡಲು ತಾಯಿಯಿದ್ದಾಳೆ, ನಾನಿದ್ದೇನೆ. ಪ್ರಶ್ನೆಯನ್ನೇ ಬಚ್ಚಿಟ್ಟವನಿಗೆ ಉತ್ತರ ಹೇಳುವ ಸಂದರ್ಭವಾದರೂ ಎಲ್ಲಿ?

ವಿವೇಕ ಎಂಬ ಸದ್ಗುಣದ ಬಗ್ಗೆ ಸಂತ ತೋಮಸ್ ಅಕ್ವಿನಾಸರು ಹೇಳುವುದು ನನಗೆ ಈಗ ಹೆಚ್ಚು ಅರ್ಥವಾಗುತ್ತಿದೆ. ಸಾಮಾನ್ಯ ನಿಯಮ ಗೊತ್ತಿದ್ದರೆ ಸಾಲದು, ಎದುರಿಗಿರುವ ಈ ಒಂದು ಸಂಗತಿಯನ್ನೂ ತಿಳಿದಿರಬೇಕು; ಕಾರ್ಯವೆಲ್ಲ ನಡೆಯುವುದು ಇಂಥ ಬಿಡಿ ಸಂಗತಿಗಳಲ್ಲೇ ಎನ್ನುತ್ತಾರೆ ಅವರು. ಚಿಕ್ಕ ಮಕ್ಕಳಿಗೆ ಒಳ್ಳೆಯ ಪುಸ್ತಕ ಎಂಬುದೊಂದು ಇಲ್ಲವೇ ಇಲ್ಲ. ಈ ಹುಡುಗನಿಗೆ, ಈ ವಾರ, ಈ ಪುಸ್ತಕ ಎಂದಷ್ಟೇ ಹೇಳಬಹುದು. ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಇದೇ ದಾರಿಯವು: ಓದುಗನಿಗೆ ತಕ್ಕ ಪುಸ್ತಕ ದೊರೆಯಬೇಕು, ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು. ಇಬ್ಬರನ್ನೂ ಬಲ್ಲವನು ಮಾತ್ರ ಈ ಸಂಬಂಧ ಕುದುರಿಸಬಲ್ಲ. ಮದುವೆಯ ದಲ್ಲಾಳಿಗಳಿಗೂ ಇದು ಗೊತ್ತು.

ಹಾಗಾದರೆ ಏನನ್ನೂ ತಡೆಯಬಾರದೇ? ತಡೆಯಬೇಕು. ಆ ಪೆಟ್ಟಿಗೆಯಲ್ಲಿ ನಾನು ನೀತಿ ಇದೆಯೆಂದು ಬಲಕ್ಕೆ ಇಟ್ಟಿದ್ದ ಎರಡು ಪುಸ್ತಕಗಳನ್ನು ಈಗ ಕೆಳಗಿನ ಅರೆಯಿಂದ ತೆಗೆಸಿದ್ದೇನೆ. ಒಂದರಲ್ಲಿ ಒಳ್ಳೆಯವರೆಲ್ಲ ಬೆಳ್ಳಗಿದ್ದರು, ಕಳ್ಳನೊಬ್ಬನೇ ಕಪ್ಪಗಿದ್ದ. ಇನ್ನೊಂದರಲ್ಲಿ ದಪ್ಪಗಿರುವ ಹುಡುಗನನ್ನು ಎಲ್ಲರೂ ನಕ್ಕು ತಿದ್ದಿದರು. ನೀತಿ ಕೊನೆಯ ಸಾಲಿನಲ್ಲಿತ್ತು, ಅನೀತಿ ಚಿತ್ರದಲ್ಲಿತ್ತು. ಮಗು ಓದುವುದು ಚಿತ್ರವನ್ನು. ವಿಧೇಯ ಮಗುವಿಗೆ ಯಾವಾಗಲೂ ಬಹುಮಾನ ಸಿಗುತ್ತದೆ ಎಂದು ಹೇಳುವ ಪುಸ್ತಕಗಳ ಬಗ್ಗೆಯೂ ನನಗೆ ಅನುಮಾನ ಬಂದಿದೆ. ಯೋಬನ ಗ್ರಂಥವನ್ನು ಓದಿದವರು ಅದನ್ನು ಮಕ್ಕಳಿಗೆ ಹೇಗೆ ಹೇಳಿಕೊಡುವುದು? ದುಃಖದ ಪುಸ್ತಕಕ್ಕಿಂತ ಸುಳ್ಳು ಹೇಳುವ ಪುಸ್ತಕಕ್ಕೆ ನಾನು ಈಗ ಹೆಚ್ಚು ಹೆದರುತ್ತೇನೆ.

ಇದಕ್ಕೆ ವಿರುದ್ಧವಾದದ್ದು ತೂಲಿಕಾ ಪ್ರಕಾಶನದವರ 'ಕ್ಯಾಚ್ ದಟ್ ಕ್ಯಾಟ್'. ತಾರಿಣಿ ವಿಶ್ವನಾಥ್ ಬರೆದದ್ದು, ನ್ಯಾನ್ಸಿ ರಾಜ್ ಅವರ ಚಿತ್ರ. ಡಿಪ್ ಡಿಪ್ ಎಂಬ ತುಂಟ ಹುಡುಗಿ ತಪ್ಪಿಸಿಕೊಂಡ ಬೆಕ್ಕನ್ನು ಹುಡುಕಿಕೊಂಡು ಹೊರಡುತ್ತಾಳೆ. ಅವಳು ಗಾಲಿಕುರ್ಚಿಯಲ್ಲಿದ್ದಾಳೆ. ಪಾಪ ಎಂಬ ಮಾತಿಲ್ಲ, ಅಂಗವಿಕಲರನ್ನು ಪ್ರೀತಿಸಿ ಎಂಬ ಉಪದೇಶವಿಲ್ಲ. ಬೆಕ್ಕು ಸಿಗುವುದೇ ಮುಖ್ಯ. ನ್ಯೂಯಾರ್ಕಿನ ಅದೇ ಗ್ರಂಥಾಲಯ 2020ರಲ್ಲಿ ತನ್ನ 125 ವರ್ಷಗಳಲ್ಲಿ ಅತಿ ಹೆಚ್ಚು ಸಲ ಎರವಲು ಹೋದ ಪುಸ್ತಕ ಯಾವುದೆಂದು ಲೆಕ್ಕ ಹಾಕಿತು. ಮೊದಲನೆಯದು ಎಜ್ರಾ ಜ್ಯಾಕ್ ಕೀಟ್ಸ್ ಅವರ 1962ರ 'ದಿ ಸ್ನೋಯಿ ಡೇ', 4,85,583 ಸಲ. ಕಪ್ಪು ಜನಾಂಗದ ಪುಟ್ಟ ಹುಡುಗ ಪೀಟರ್ ಹಿಮದಲ್ಲಿ ದಿನವಿಡೀ ಆಡಿ, ಹಿಮದ ಉಂಡೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ. ಅದು ಕರಗಿಹೋಗುತ್ತದೆ, ಅವನಿಗೆ ಬೇಸರವಾಗುತ್ತದೆ. ವರ್ಣಭೇದದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಅಂಥ ಹುಡುಗನೊಬ್ಬ ಪುಸ್ತಕದ ನಡುವೆ ಸಂತೋಷವಾಗಿ ಆಡುತ್ತಿದ್ದಾನೆ ಎಂಬುದೇ ಆ ಕಾಲದ ಅಮೆರಿಕದಲ್ಲಿ ಎಷ್ಟೋ ಮಕ್ಕಳಿಗೆ ಸಿಗದೇ ಇದ್ದ ಸಂಗತಿ.

ಮನೆಯಲ್ಲಿ ಪುಸ್ತಕ ಆರಿಸುವವರು ಒಂದು ಕೆಲಸ ಮಾಡಿ: ಮೊದಲು ಗಟ್ಟಿಯಾಗಿ ಓದಿ ನೋಡಿ. ಅನುವಾದವಾಗಿ ಬಂದ ಕೆಲವು ಪುಸ್ತಕಗಳ ಕನ್ನಡ ನಾಲಗೆಗೆ ಹೊರಳುವುದಿಲ್ಲ. ಮೂರು ಸಲ ತಡವರಿಸಿದರೆ ಅದನ್ನು ಬದಿಗಿಟ್ಟು ಚಿತ್ರ ನೋಡುತ್ತಾ ನಿಮ್ಮ ಮನೆಯ ಮಾತಿನಲ್ಲೇ ಹೇಳಿ. ಪ್ರಥಮ್ ಬುಕ್ಸ್‌ನಂಥವರು ಪುಸ್ತಕದ ಹಿಂದೆ ಓದಿನ ಹಂತವನ್ನು ಅಚ್ಚು ಮಾಡಿರುತ್ತಾರೆ, ಅದು ಅಕ್ಷರ ಕಲಿಯುವವರಿಗೆ. ಕೇಳುವ ಮಗುವಿಗೆ ಹಂತವಿಲ್ಲ. ಮಗು ಒಂದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಬೇಸರಿಸಬೇಡಿ. ನಾವು ಜಪಸರದಲ್ಲಿ ಒಂದೇ ಪ್ರಾರ್ಥನೆಯನ್ನು ಎಷ್ಟು ಸಲ ಹೇಳುತ್ತೇವೆ?

ಈಗ ಶನಿವಾರ ಮಧ್ಯಾಹ್ನ ಒಂದು ಗಂಟೆ ಗ್ರಂಥಾಲಯದ ಚಾಪೆಯ ಮೇಲೆ ಕೂರುತ್ತೇನೆ. ಎಡಗಡೆಯ ರಾಶಿಯೆಲ್ಲ ಕೆಳಗಿನ ಅರೆಗೆ ಇಳಿದಿದೆ. ಅಜ್ಜಿಯ ಪುಸ್ತಕ ಮಾತ್ರ ಮೇಲ್ವಿಚಾರಕಿಯ ಮೇಜಿನ ಮೇಲಿರುತ್ತದೆ. ಮನೆಯಲ್ಲಿ ಸಾವಾದವರು ಬಂದರೆ ಅಮ್ಮನ ಕೈಗೋ ಅಪ್ಪನ ಕೈಗೋ ಮೊದಲು ಕೊಡಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಇದೂ ಸರಿಯೋ ತಪ್ಪೋ, ನೋಡಬೇಕು. ಆ ತಾಯಿ ಅದನ್ನು ಎರಡು ಸಲ ಮನೆಗೆ ಒಯ್ದಿದ್ದಾರೆ ಎಂದು ರಿಜಿಸ್ಟರಿನಲ್ಲಿದೆ.

ಕಳೆದ ಶನಿವಾರ ಆ ಹುಡುಗ ಅದನ್ನು ತಾನೇ ತಂದು ನನ್ನ ತೊಡೆಯ ಮೇಲಿಟ್ಟ. ಓದಿದೆ. ಒಂದು ಪುಟದಲ್ಲಿ ನನ್ನ ಕೈ ಹಿಡಿದು, ತಿರುವಲು ಬಿಡದೆ ಬಹಳ ಹೊತ್ತು ನೋಡಿದ. ಮುಗಿದ ಮೇಲೆ ಗಂಟಲು ಸರಿಪಡಿಸಿಕೊಂಡು, "ನೋಡು ಮರಿ..." ಎಂದು ಶುರುಮಾಡಿದೆ. ಅವನು ಆಗಲೇ ಎದ್ದು ಹೋಗಿ ಬೆಕ್ಕಿನ ಪುಸ್ತಕ ಹಿಡಿದುಕೊಂಡು ಬರುತ್ತಿದ್ದ.